ಕೊಡಿ ಅಂದವರೇ ಬಾಗಿಲು ಮುಚ್ಚಿಸಿದ್ದೇಕೆ? ಮ್ಯೂಸಿಯಂ ಜಗಳಗಳೂ ನಮ್ಮ ದುರ್ಗದ ಸೀಮೆಯೂ

2025ರ ನವೆಂಬರ್ 9ರಂದು ನೈಜೀರಿಯಾದ ಬೆನಿನ್ ಸಿಟಿಯಲ್ಲಿ ಒಂದು ಹೊಸ ಮ್ಯೂಸಿಯಂ ತನ್ನ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿತ್ತು. ಸಾರ್ವಜನಿಕರಿಗೆ ಬಾಗಿಲು ತೆರೆಯಲು ಎರಡೇ ದಿನ ಬಾಕಿ. ಅಷ್ಟರಲ್ಲಿ ಪ್ರತಿಭಟನಾಕಾರರು ಆವರಣಕ್ಕೆ ನುಗ್ಗಿದರು. ಯುರೋಪಿನಿಂದ ಬಂದಿದ್ದ ಅತಿಥಿಗಳನ್ನು ಭದ್ರತೆಯಲ್ಲಿ ಹೊರಗೆ ಕಳಿಸಬೇಕಾಯಿತು. ಉದ್ಘಾಟನೆ ನಿಂತಿತು.

ಸುದ್ದಿ ಓದಿದವರಿಗೆ ತಲೆಬುಡ ಅರ್ಥವಾಗಲಿಲ್ಲ. ಬ್ರಿಟಿಷರು 1897ರಲ್ಲಿ ಈ ಊರಿನ ಅರಮನೆ ಲೂಟಿ ಮಾಡಿ ಸಾವಿರಾರು ಕಂಚು, ಹಿತ್ತಾಳೆ, ದಂತದ ಕೆತ್ತನೆಗಳನ್ನು ಹೊತ್ತೊಯ್ದರು. ಅವು ವಾಪಸ್ ಬರಬೇಕು ಅಂತ ಅಲ್ಲಿನ ಜನ ದಶಕಗಳಿಂದ ಕೇಳುತ್ತಿದ್ದಾರೆ. ಹಾಗಿದ್ದ ಮೇಲೆ ತಮ್ಮೂರಲ್ಲೇ ಎದ್ದು ನಿಂತ ಮ್ಯೂಸಿಯಂ ಮೇಲೆ ಅವರಿಗೆ ಸಿಟ್ಟೇಕೆ?

ಇಂಥ ಗೊಂದಲದ ಸುದ್ದಿಗಳು ಈಚೆಗೆ ಜಾಸ್ತಿಯಾಗಿವೆ. 2024ರ ಜನವರಿಯಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ತನ್ನ ಎರಡು ದೊಡ್ಡ ಸಭಾಂಗಣಗಳಿಗೆ ಬೀಗ ಹಾಕಿತು. ಎರಡರಲ್ಲೂ ಇದ್ದದ್ದು ಅಮೆರಿಕದ ಮೂಲನಿವಾಸಿಗಳ ವಸ್ತುಗಳು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಹರಾಜು ಮನೆ ನಾಗಾ ವ್ಯಕ್ತಿಯೊಬ್ಬರ ತಲೆಬುರುಡೆಯನ್ನು ಮಾರಾಟಕ್ಕಿಟ್ಟಿತು. ನಾಗಾಲ್ಯಾಂಡ್ ಮುಖ್ಯಮಂತ್ರಿ ನೆಫಿಯು ರಿಯೊ ವಿದೇಶಾಂಗ ಸಚಿವರಿಗೆ ಪತ್ರ ಬರೆದರು. ಹರಾಜು ರದ್ದಾಯಿತು.

ಇದೆಲ್ಲ ಎಲ್ಲೋ ದೂರದ ಮಾತು, ಚಳ್ಳಕೆರೆ, ಮೊಳಕಾಲ್ಮುರಿಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ, ಅದೂ ಸಾಕಷ್ಟು ಹತ್ತಿರದ್ದೇ. ಮೂರೂ ಸುದ್ದಿಗಳನ್ನು ನಾವು ‘ವಾಪಸ್ ಕೊಡಬೇಕೋ ಬೇಡವೋ’ ಅನ್ನುವ ಪ್ರಶ್ನೆಯಾಗಿ ಓದುತ್ತೇವೆ. ಜಗಳ ಇರುವುದು ಅದಕ್ಕಿಂತ ಹಿಂದಿನ ಒಂದು ಪ್ರಶ್ನೆಯ ಮೇಲೆ. ಒಂದು ಜನರ ವಸ್ತುವನ್ನು ಎಲ್ಲಿಡಬೇಕು, ಯಾರಿಗೆ ತೋರಿಸಬೇಕು, ಅದರ ಕೆಳಗೆ ಏನು ಬರೆಯಬೇಕು ಅನ್ನುವುದನ್ನು ತೀರ್ಮಾನಿಸುವವರು ಯಾರು?

ತಲೆ ಅಳೆಯುತ್ತಿದ್ದ ಕಾಲ

ಈಗಿನ ದೊಡ್ಡ ಮ್ಯೂಸಿಯಂಗಳಲ್ಲಿ ಹೆಚ್ಚಿನವು ಬೆಳೆದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ವಸಾಹತು ಆಡಳಿತವೂ ಆಗಲೇ ಬಲಿಯುತ್ತಿತ್ತು. ಯುರೋಪಿನ ಚಿತ್ರ, ಶಿಲ್ಪಗಳು ‘ಕಲೆ’ ಅನ್ನುವ ಕಟ್ಟಡಕ್ಕೆ ಹೋದವು. ಆಫ್ರಿಕ, ಅಮೆರಿಕ, ಏಷ್ಯಾದ ಬುಡಕಟ್ಟುಗಳ ವಸ್ತುಗಳು ಡೈನೊಸಾರ್ ಮೂಳೆ, ಒಣಗಿಸಿದ ಚಿಟ್ಟೆಗಳ ಪಕ್ಕಕ್ಕೆ ಬಂದವು. ನ್ಯೂಯಾರ್ಕಿನ ಆ ಮ್ಯೂಸಿಯಂ ಕೂಡ ಪ್ರಕೃತಿ ಇತಿಹಾಸದ್ದೇ. ಈ ಜನರೂ ಪ್ರಕೃತಿಯ ಒಂದು ಭಾಗ, ಇವರಿಗೆ ಇತಿಹಾಸ ಅಂತ ಬೇರೆ ಇಲ್ಲ ಅನ್ನುವ ಭಾವನೆ ಆ ಜೋಡಣೆಯಲ್ಲೇ ಇತ್ತು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನಮ್ಮ ಕಡೆಗೂ ಈ ಗಾಳಿ ಬೀಸಿತು. ಎಡ್ಗರ್ ಥರ್ಸ್ಟನ್ 1885ರಿಂದ 1908ರವರೆಗೆ ಮದ್ರಾಸ್ ಸರ್ಕಾರಿ ಮ್ಯೂಸಿಯಂನ ಸೂಪರಿಂಟೆಂಡೆಂಟ್ ಆಗಿದ್ದರು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಜನರ ತಲೆ ಮತ್ತು ಮೂಗನ್ನು ಅಳತೆ ಕಡ್ಡಿ ಹಿಡಿದು ಅಳೆದವರು ಅವರು. ಆ ಕೆಲಸವೆಲ್ಲ ಸೇರಿ 1909ರಲ್ಲಿ ಏಳು ಸಂಪುಟಗಳಾಗಿ ಬಂತು. ಬೇಡರಲ್ಲಿ ಊರು ಮತ್ತು ಮ್ಯಾಸ ಅನ್ನುವ ಎರಡು ಪಂಗಡಗಳಿವೆ ಅನ್ನುವುದೂ, ಲಂಬಾಣಿಗರ ವಿವರವೂ ಅದರಲ್ಲಿದೆ. ಮಾಹಿತಿ ಇಂದಿಗೂ ಉಪಯೋಗಕ್ಕೆ ಬರುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಳೆದವರು ಒಂದು ಕಡೆ, ಅಳೆಸಿಕೊಂಡವರು ಇನ್ನೊಂದು ಕಡೆ. ಅಳೆಸಿಕೊಂಡವರಿಗೆ ಆ ಪುಸ್ತಕದಲ್ಲಿ ಮಾತಾಡುವ ಜಾಗ ಇರಲಿಲ್ಲ.

ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ ಇದಕ್ಕಿಂತ ಘೋರವಾದದ್ದು ನಡೆದಿತ್ತು. 1897ರಲ್ಲಿ ಧ್ರುವ ಪ್ರದೇಶದ ಅನ್ವೇಷಕ ರಾಬರ್ಟ್ ಪಿಯರಿ ಗ್ರೀನ್‌ಲ್ಯಾಂಡಿನಿಂದ ಆರು ಮಂದಿ ಇನ್ಯೂಟ್ ಜನರನ್ನು ಅಲ್ಲಿಗೆ ಕರೆತಂದ. ಕೆಲವೇ ತಿಂಗಳಲ್ಲಿ ನಾಲ್ವರು ಸತ್ತರು. ಅವರಲ್ಲೊಬ್ಬ ಕಿಸುಕ್. ಅವನ ಮಗ ಮಿನಿಕ್ ಇನ್ನೂ ಚಿಕ್ಕ ಹುಡುಗ. ಮಗನ ಸಮಾಧಾನಕ್ಕಾಗಿ ಮ್ಯೂಸಿಯಂನವರು ಒಂದು ಮರದ ದಿಮ್ಮಿಗೆ ಬಟ್ಟೆ ಸುತ್ತಿ ಶವಸಂಸ್ಕಾರದ ನಾಟಕವಾಡಿದರು. ತಂದೆಯ ಅಸ್ಥಿಪಂಜರ ಮ್ಯೂಸಿಯಂನಲ್ಲೇ ಉಳಿಯಿತು. ದೊಡ್ಡವನಾದ ಮೇಲೆ ಮಿನಿಕ್‌ಗೆ ವಿಷಯ ಗೊತ್ತಾಯಿತು. ಕೊಡಿ ಅಂತ ಕೇಳಿದ, ಕೊಡಲಿಲ್ಲ. 1918ರಲ್ಲಿ ಅವನೂ ತೀರಿಕೊಂಡ. ಆ ನಾಲ್ವರ ಮೂಳೆಗಳು ಗ್ರೀನ್‌ಲ್ಯಾಂಡಿಗೆ ಮರಳಿದ್ದು 1993ರಲ್ಲಿ.

ಬೀಗ ಬಿದ್ದದ್ದು ಯಾಕೆ

ಇಂಥ ಇತಿಹಾಸದ ಒತ್ತಡದಿಂದಲೇ ಅಮೆರಿಕದಲ್ಲಿ 1990ರಲ್ಲಿ ಒಂದು ಕಾನೂನು ಬಂತು. ಮೂಲನಿವಾಸಿಗಳ ಮೂಳೆ, ಸಮಾಧಿಯಲ್ಲಿ ಸಿಕ್ಕ ವಸ್ತು, ಪೂಜೆಯ ವಸ್ತುಗಳ ಪಟ್ಟಿ ಮಾಡಿ ಆಯಾ ಬುಡಕಟ್ಟಿಗೆ ವಾಪಸ್ ಮಾಡಿ ಅಂತ ಅದು ಹೇಳಿತು. ಆದರೆ ಒಂದು ಸಂದು ಉಳಿಯಿತು. ‘ಈ ಮೂಳೆ ಯಾವ ಬುಡಕಟ್ಟಿನದು ಅಂತ ಖಚಿತವಾಗಿ ಹೇಳಲು ಆಗುತ್ತಿಲ್ಲ’ ಅಂತ ಬರೆದಿಟ್ಟು ಮ್ಯೂಸಿಯಂಗಳು ದಶಕಗಟ್ಟಲೆ ಸುಮ್ನೆ ಕೂತವು.

2024ರ ಜನವರಿ 12ರಿಂದ ಹೊಸ ನಿಯಮ ಜಾರಿಗೆ ಬಂತು. ಇಂಥ ವಸ್ತುವನ್ನು ಪ್ರದರ್ಶನಕ್ಕಿಡುವ ಮೊದಲು, ಅದರ ಮೇಲೆ ಸಂಶೋಧನೆ ನಡೆಸುವ ಮೊದಲು ಸಂಬಂಧಪಟ್ಟ ಬುಡಕಟ್ಟಿನ ಒಪ್ಪಿಗೆ ಬೇಕು. ಬುಡಕಟ್ಟಿನವರು ಬಾಯಿಮಾತಿನಲ್ಲಿ ಉಳಿಸಿಕೊಂಡು ಬಂದ ತಿಳಿವಳಿಕೆಗೂ ಬೆಲೆ ಕೊಡಬೇಕು. ಸುಮಾರು ಎರಡು ವಾರದಲ್ಲಿ ನ್ಯೂಯಾರ್ಕಿನ ಆ ಸಭಾಂಗಣಗಳು ಮುಚ್ಚಿದವು. ಷಿಕಾಗೊದ ಫೀಲ್ಡ್ ಮ್ಯೂಸಿಯಂ ಕೆಲವು ಗಾಜಿನ ಪೆಟ್ಟಿಗೆಗಳಿಗೆ ಪರದೆ ಎಳೆಯಿತು.

ಬೀಗ ಹಾಕಿದ್ದು ನೋಡಿ, ಮೂಲನಿವಾಸಿಗಳ ಸಂಸ್ಕೃತಿಯನ್ನೇ ಮರೆಮಾಡುತ್ತಿದ್ದಾರೆ ಅಂತ ಹಲವರು ಬೇಸರಪಟ್ಟರು. ನಡೆದದ್ದು ಹಾಗಲ್ಲ. ಕೇಳದೆ ಇಟ್ಟಿದ್ದನ್ನು ಕೇಳಿ ಇಡಬೇಕಾಗಿ ಬಂದಾಗ, ಕೇಳುವವರೆಗೆ ಮುಚ್ಚಿಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮೂವತ್ತು ವರ್ಷದ ಬಾಕಿ ಕೆಲಸ ಒಂದೇ ತಿಂಗಳಲ್ಲಿ ಮೈಮೇಲೆ ಬಂತು ಅಷ್ಟೆ.

ಬ್ರಹ್ಮಗಿರಿಯ ಕಾಲ ನಿಂತದ್ದು ರೋಮಿನ ಮೇಲೆ

ವಸ್ತು ಕೈಬಿಟ್ಟು ಹೋದರೆ ಮಾತ್ರ ನಷ್ಟ ಅಂದುಕೊಳ್ಳುವುದು ಬೇಡ. ವಸ್ತು ನಮ್ಮ ಜಿಲ್ಲೆಯಲ್ಲೇ ಇದ್ದು, ಅದರ ಕಥೆ ಬೇರೆಯವರ ಅಳತೆಯಲ್ಲಿ ಬರೆಯಲ್ಪಡಬಹುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಇದಕ್ಕೆ ಒಳ್ಳೆಯ ಉದಾಹರಣೆ.

ಅಶೋಕನ ಶಾಸನ ಇರುವ ಬಂಡೆಯನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಹೊರಜಗತ್ತಿಗೆ ತೋರಿಸಿದರು. ಊರವರಿಗೆ ಅದು ಮೊದಲಿಂದಲೂ ಅಕ್ಷರಗುಂಡು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಅಲ್ಲಿಯೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿಯೂ ಅಗೆತ ನಡೆಸಿದರು. ಚಂದ್ರವಳ್ಳಿಯನ್ನು ಅದಕ್ಕೂ ಮೊದಲೇ ಆರ್. ನರಸಿಂಹಾಚಾರ್ ಮತ್ತು ಎಂ.ಎಚ್. ಕೃಷ್ಣ ಅಗೆದಿದ್ದರು. ರೋಮನ್ ನಾಣ್ಯಗಳು ಸಿಕ್ಕ ಜಾಗ ಅದು.

ವೀಲರ್ ಅವರಿಗೆ ದಕ್ಷಿಣ ಭಾರತದ ಕಾಲಗಣನೆಗೆ ಒಂದು ಗೂಟ ಬೇಕಿತ್ತು. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ 1945ರಲ್ಲಿ ಅಗೆದಾಗ, ರೋಮಿನ ಜೊತೆ ವ್ಯಾಪಾರ ಇದ್ದ ಕಾಲದ ಮಡಕೆಗಳು ಸಿಕ್ಕಿದ್ದವು. ಅವುಗಳ ಕಾಲ ಗೊತ್ತಿತ್ತು. ಅಂಥದೇ ಮಡಕೆಯ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ಅದನ್ನು ಹಿಡಿದು ಕೆಳಗಿನ ಪದರಗಳ ಕಾಲವನ್ನು ಅವರು ಅಂದಾಜು ಮಾಡಿದರು. ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ಕಾಲ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭಕ್ಕೆ ಬಂತು. ದೊಡ್ಡ ಕಲ್ಲುಗಳ ಸಮಾಧಿ ಕಟ್ಟಿದವರ ಕಾಲ ಕ್ರಿ.ಪೂ. 200ರ ಆಸುಪಾಸಿನಿಂದ ಶುರುವಾಗುತ್ತದೆ ಅಂದರು. ಒಂದು ಪದರದಿಂದ ಇನ್ನೊಂದಕ್ಕೆ ಆದ ಬದಲಾವಣೆಗೆ ಹೊಸ ಜನ ಹೊರಗಿನಿಂದ ಬಂದದ್ದೇ ಕಾರಣ ಅಂತ ವಿವರಿಸಿದರು.

ಆಮೇಲೆ ಇಂಗಾಲದ ಪರೀಕ್ಷೆಯಿಂದ ಕಾಲ ತಿಳಿಯುವ ವಿಧಾನ ಬಂತು. ದಕ್ಷಿಣದ ನವಶಿಲಾಯುಗ ಕ್ರಿ.ಪೂ. ಮೂರನೇ ಸಹಸ್ರಮಾನದಷ್ಟು ಹಿಂದಕ್ಕೆ ಹೋಯಿತು. ಕಬ್ಬಿಣ ಬಳಸಿದ ಸಮಾಧಿಗಳ ಕಾಲವೂ ನೂರಾರು ವರ್ಷ ಹಿಂದೆ ಸರಿಯಿತು. ನಮ್ಮ ನೆಲದ ಇತಿಹಾಸ ಸಾವಿರಕ್ಕೂ ಹೆಚ್ಚು ವರ್ಷ ಕುಗ್ಗಿ ಕೂತಿತ್ತು ಅಂದಂತಾಯಿತು.

ಇದರಲ್ಲಿ ವೀಲರ್ ಅವರ ದುರುದ್ದೇಶ ಹುಡುಕುವುದು ತಪ್ಪು. ಅವರ ಕೈಯಲ್ಲಿದ್ದ ಸಾಧನ ಅಷ್ಟೇ. ಪದರ ಪದರವಾಗಿ ಅಗೆಯುವ ಶಿಸ್ತನ್ನು ಇಲ್ಲಿನವರಿಗೆ ಕಲಿಸಿದವರೂ ಅವರೇ. ಗಮನಿಸಬೇಕಾದ್ದು ಪರಿಣಾಮವನ್ನು. ಗೊತ್ತಿರುವ ಕಾಲ ರೋಮಿನದು, ಗೊತ್ತಿಲ್ಲದ್ದು ನಮ್ಮದು. ಆದ್ದರಿಂದ ರೋಮ್ ಮುಟ್ಟಿದಾಗಲೇ ಬ್ರಹ್ಮಗಿರಿ ಇತಿಹಾಸಕ್ಕೆ ಬರುತ್ತದೆ ಅನ್ನುವ ಕ್ರಮ ಗಟ್ಟಿಯಾಯಿತು. ಪಠ್ಯಪುಸ್ತಕ, ಮಾಹಿತಿ ಫಲಕಗಳಲ್ಲೂ ಅದೇ ಕ್ರಮ. ಚಂದ್ರವಳ್ಳಿ ಅಂದ ಕೂಡಲೇ ರೋಮನ್ ನಾಣ್ಯ ನೆನಪಾಗುತ್ತದೆ. ಅದೇ ಮಣ್ಣಿನಲ್ಲಿ ಬೇಯಿಸಿ ಉಂಡ ಮಡಕೆ ನೆನಪಾಗುವುದಿಲ್ಲ, ಅಲ್ವಾ?

ಗಾಜಿನೊಳಗೆ ನಿಂತ ಗಡಿಯಾರ

ಬುಡಕಟ್ಟು ವಿಭಾಗ ಇರುವ ಯಾವುದೇ ಮ್ಯೂಸಿಯಂಗೆ ಹೋಗಿ. ಕನ್ನಡಿ ಚೂರು, ಕವಡೆ, ನಾಣ್ಯ ಹೊಲಿದ ಉಡುಪಿನಲ್ಲಿ ಒಂದು ಲಂಬಾಣಿ ಬೊಂಬೆ. ಬಲೆ ಹಿಡಿದ ಒಂದು ಬೇಟೆಗಾರನ ಬೊಂಬೆ. ಕೆಳಗೆ ಎರಡು ಸಾಲು: ‘ಇವರು ಅಲೆಮಾರಿಗಳು. ಇವರ ಉಡುಪು ವರ್ಣಮಯ.’ ಯಾವ ವರ್ಷದ ಉಡುಪು, ಯಾವ ತಾಂಡಾದ್ದು, ಯಾರು ಹೊಲಿದದ್ದು? ಇರುವುದಿಲ್ಲ. ರಾಜನ ಕತ್ತಿಗೆ ಹೆಸರು, ಇಸವಿ ಎರಡೂ ಇರುತ್ತವೆ. ಬುಡಕಟ್ಟಿನ ಬಟ್ಟೆಗೆ ಕಾಲವೇ ಇಲ್ಲ.

ಈಗ ದಾವಣಗೆರೆ ಜಿಲ್ಲೆ ನೋಡಿ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳ ಅಂತ ನಂಬುವ ಸೂರಗೊಂಡನಕೊಪ್ಪಕ್ಕೆ ಜಾತ್ರೆಗೆ ಬರುವ ಸಾವಿರಾರು ಜನರಲ್ಲಿ ಶಿಕ್ಷಕರಿದ್ದಾರೆ, ಪೊಲೀಸರಿದ್ದಾರೆ, ಕಬ್ಬು ಕಡಿಯಲು ಗುಳೆ ಹೋಗುವವರೂ ಇದ್ದಾರೆ. ಅವರ ಈಗಿನ ತಕರಾರು ತಾಂಡಾವನ್ನು ಕಂದಾಯ ಗ್ರಾಮ ಮಾಡುವುದು, ಮನೆ ಜಾಗಕ್ಕೆ ಹಕ್ಕುಪತ್ರ ಪಡೆಯುವುದು. ಬೊಂಬೆಯ ಪಕ್ಕದಲ್ಲಿ ಆ ಹಕ್ಕುಪತ್ರ ಇಟ್ಟ ಮ್ಯೂಸಿಯಂ ಇದ್ದರೆ ಅದು ನೋಡುವಂಥದ್ದು.

ಹಕ್ಕಿಪಿಕ್ಕಿ ಜನರ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವುದು ಅಪರಾಧವಾಯಿತು. ಹಳೇ ಕಸುಬು ಹೋದ ಮೇಲೆ ಅವರು ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆಯ ವ್ಯಾಪಾರ ಹಿಡಿದರು. ಆಫ್ರಿಕಾದವರೆಗೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿಗಳೂ ಇದ್ದರು. ಪಾಸ್‌ಪೋರ್ಟ್ ಹಿಡಿದು ಖಂಡಗಳ ನಡುವೆ ಓಡಾಡುವ ಈ ಜನರು ಗಾಜಿನ ಪೆಟ್ಟಿಗೆಯಲ್ಲಿ ಇವತ್ತಿಗೂ ಬಲೆ ಹಿಡಿದೇ ನಿಂತಿದ್ದಾರೆ.

ಇದು ಬರೀ ಮರ್ಯಾದೆಯ ಪ್ರಶ್ನೆ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೂತವರೂ ಇದೇ ಬೊಂಬೆಗಳನ್ನು ನೋಡಿ ಬೆಳೆದವರು. ‘ನಿಜವಾದ’ ಬುಡಕಟ್ಟು ಅಂದರೆ ಹೀಗೇ ಇರಬೇಕು ಅನ್ನುವ ಚಿತ್ರ ತಲೆಯಲ್ಲಿ ಕೂರುತ್ತದೆ. ಪ್ಯಾಂಟು ತೊಟ್ಟು ಬಂದವನು ‘ಹಳಬನಲ್ಲ’ ಅನ್ನಿಸುತ್ತಾನೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಅಂತ ಕಾಡುಗೊಲ್ಲರು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ಅವರನ್ನೂ ‘ಬುಡಕಟ್ಟಿನ ಲಕ್ಷಣ ಇದೆಯಾ’ ಅಂತಲೇ ಅಳೆಯಲಾಗುತ್ತದೆ.

ಉಳಿಸುವುದು ಅಂದರೆ ಏನು

ಮ್ಯೂಸಿಯಂ ಕೆಲಸದ ಅಡಿಪಾಯವೇ ಒಂದು ನಂಬಿಕೆ: ವಸ್ತು ಹಾಳಾಗಬಾರದು. ಇದನ್ನೂ ಪ್ರಶ್ನಿಸುವ ಸಂಸ್ಕೃತಿಗಳಿವೆ.

ಅಮೆರಿಕದ ನೈರುತ್ಯ ಭಾಗದ ಜೂನಿ ಜನರು ತಮ್ಮ ಯುದ್ಧ ದೇವತೆಗಳನ್ನು ಮರದಲ್ಲಿ ಕೆತ್ತಿ ಬಯಲಿನ ಗುಡಿಯಲ್ಲಿ ಇಡುತ್ತಾರೆ. ಬಿಸಿಲು, ಮಳೆಗೆ ಆ ಮರ ಕರಗಿ ಮಣ್ಣು ಸೇರಬೇಕು. ಹಾಗೆ ಸೇರಿದರೇ ಅದರ ಶಕ್ತಿ ಲೋಕಕ್ಕೆ ಸಿಗುತ್ತದೆ ಅನ್ನುವುದು ಅವರ ನಂಬಿಕೆ. ಈ ಮೂರ್ತಿಗಳನ್ನು ಕದ್ದು, ಕೊಂಡು, ಮ್ಯೂಸಿಯಂಗಳು ಕೀಟನಾಶಕ ಹೊಡೆದು ಜೋಪಾನ ಮಾಡಿದವು. 1970ರ ದಶಕದ ಕೊನೆಯಿಂದ ಜೂನಿಗಳು ಒಂದೊಂದೇ ಮ್ಯೂಸಿಯಂ ಜೊತೆ ಮಾತಾಡಿ ಹತ್ತಾರು ಮೂರ್ತಿಗಳನ್ನು ವಾಪಸ್ ತಂದರು. ತಂದು ಬಯಲಿನಲ್ಲೇ ಇಟ್ಟರು. ಕೊಳೆಯಲಿ ಅಂತ ಕೊಡುವುದಾ ಅಂತ ಮ್ಯೂಸಿಯಂನವರಿಗೆ ಸಂಕಟ. ಅವರ ಸಂಕಟವೂ ಸುಳ್ಳಲ್ಲ.

ಚಳ್ಳಕೆರೆ ಸೀಮೆಯವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಪುರ್ಲಹಳ್ಳಿ ಹತ್ತಿರ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಗೆ ಮುಳ್ಳಿನ ಗುಡಿಯೊಂದು ಎದ್ದು ನಿಲ್ಲುತ್ತದೆ. ಬಾರೆ ಕಳ್ಳೆಯ ಒಣ ಮುಳ್ಳನ್ನು ಒಟ್ಟಿ ಕಟ್ಟುವ ಎತ್ತರದ ಗುಡಿ. ತುದಿಯಲ್ಲಿ ಕಳಸ. ಅದನ್ನು ಕಿತ್ತು ತರಲು ಹುಡುಗರು ಬರಿಗಾಲಲ್ಲಿ ಮುಳ್ಳಿನ ಮೇಲೆ ಹತ್ತುತ್ತಾರೆ. ಕೆಳಗೆ ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಜಾತ್ರೆ ಮುಗಿದರೆ ಗುಡಿಯ ಕೆಲಸವೂ ಮುಗಿಯಿತು, ಮುಂದಿನ ಜಾತ್ರೆಗೆ ಮತ್ತೆ ಹೊಸ ಮುಳ್ಳು. ಅದನ್ನು ಎತ್ತಿ ತಂದು ಏಸಿ ಕೋಣೆಯಲ್ಲಿಟ್ಟರೆ ಉಳಿಯುವುದು ಸೌದೆ. ಉಳಿಯಬೇಕಾದ್ದು ಆ ಗುಡಿ ಕಟ್ಟುವ ಕೈ, ಯಾರು ಮುಳ್ಳು ತರಬೇಕು, ಯಾರು ಹತ್ತಬೇಕು ಅನ್ನುವ ಕಟ್ಟಳೆ.

ಮ್ಯಾಸಬೇಡರ ಪೆಟ್ಟಿಗೆ ದೇವರು ಇನ್ನೊಂದು ಬಗೆ. ದೇವರು ಪೆಟ್ಟಿಗೆಯೊಳಗೆ ಇರುತ್ತಾರೆ, ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತಾರೆ. ಯಾರು ತೆರೆಯಬೇಕು, ಯಾರು ಮುಟ್ಟಬೇಕು ಅನ್ನುವುದಕ್ಕೆ ಗುಡಿಕಟ್ಟಿನ, ಅಂದರೆ ಆ ದೇವರ ಒಕ್ಕಲು ಬಳಗದ, ನಿಯಮ ಇದೆ. ಯಾವಾಗಲೂ ಎಲ್ಲರಿಗೂ ಕಾಣುವಂತೆ ಇಡುವುದು ಮ್ಯೂಸಿಯಂ ಧರ್ಮ. ಸಮಯ ಬಂದಾಗ ಮಾತ್ರ ಕಾಣಿಸಿಕೊಳ್ಳುವುದು ಪೆಟ್ಟಿಗೆ ದೇವರ ಧರ್ಮ. ಎರಡೂ ಒಂದೇ ಕೋಣೆಯಲ್ಲಿ ಇರಲಾರವು.

ದೇವರ ಎತ್ತುಗಳ ವಿಷಯಕ್ಕೆ ಬಂದರೆ ಮ್ಯೂಸಿಯಂನ ಮಿತಿ ಪೂರ್ತಿ ಬಯಲಾಗುತ್ತದೆ. ಉಳುಮೆಗೆ ಹೂಡದ, ಮಾರದ ಈ ಎತ್ತುಗಳನ್ನು ಕಿಲಾರಿಗಳು ಕಾಯುತ್ತಾರೆ. ಬರ ಬಂದ ವರ್ಷ ಮೇವಿಲ್ಲದೆ ಅವು ಒದ್ದಾಡುವುದು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಇದೇ ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹೋಯಿತು. ಕಾವಲು ಹೋದ ಮೇಲೆ ಎತ್ತಿನ ಫೋಟೊ, ಕಿಲಾರಿಯ ಕಂಬಳಿ ತಂದು ಗೋಡೆಗೆ ತೂಗುಹಾಕಿದರೆ ಸಂಸ್ಕೃತಿ ಉಳಿಸಿದಂತೆ ಆಗುವುದಿಲ್ಲ. ಅಂಥ ಪ್ರದರ್ಶನ ಮಾಡಲೇಬೇಕಾದರೆ ಕಾವಲಿನ ನಕ್ಷೆಯೂ ಪಕ್ಕದಲ್ಲಿರಬೇಕು.

ಎದುರು ವಾದವೂ ಗಟ್ಟಿಯಾಗಿಯೇ ಇದೆ

2002ರಲ್ಲಿ ಯುರೋಪ್, ಅಮೆರಿಕದ 18 ದೊಡ್ಡ ಮ್ಯೂಸಿಯಂಗಳು ಒಟ್ಟಾಗಿ ಒಂದು ಹೇಳಿಕೆ ಹೊರಡಿಸಿದವು. ನಾವು ಒಂದು ದೇಶದ ಆಸ್ತಿಯಲ್ಲ, ಇಡೀ ಜಗತ್ತಿಗೆ ಸೇರಿದವರು. ಎಲ್ಲ ಸಂಸ್ಕೃತಿಗಳನ್ನೂ ಒಂದೇ ಸೂರಿನಡಿ ಹೋಲಿಸಿ ನೋಡುವ ಅವಕಾಶ ಇಲ್ಲಿದೆ ಅನ್ನುವುದು ಅದರ ಸಾರ. ವಸ್ತುಗಳು ಇಲ್ಲಿ ಸುರಕ್ಷಿತ ಅನ್ನುವ ಮಾತೂ ಇದರ ಬೆನ್ನಿಗೇ ಬರುತ್ತದೆ.

ಸುರಕ್ಷತೆಯ ವಾದಕ್ಕೆ 2023ರಲ್ಲಿ ಪೆಟ್ಟು ಬಿತ್ತು. ಬ್ರಿಟಿಷ್ ಮ್ಯೂಸಿಯಂನಿಂದಲೇ ಸುಮಾರು 2,000 ವಸ್ತುಗಳು ಕಳವಾಗಿದ್ದವು ಇಲ್ಲವೇ ಹಾಳಾಗಿದ್ದವು ಅನ್ನುವುದು ಹೊರಬಂತು. ಹಾಗಂತ ಉಳಿದ ಕಡೆ ಎಲ್ಲ ಭದ್ರ ಅಂತಲೂ ಹೇಳಲಾಗದು. 2018ರಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ ಸುಟ್ಟುಹೋಯಿತು. ಈಗ ಯಾರೂ ಮಾತಾಡದ ಮೂಲನಿವಾಸಿ ಭಾಷೆಗಳ ಧ್ವನಿಮುದ್ರಣಗಳೂ ಅದರ ಜೊತೆ ಬೂದಿಯಾದವು.

ಸಂಗ್ರಹ ಮಾಡಿದವರೆಲ್ಲ ಲೂಟಿಕೋರರಲ್ಲ ಅನ್ನುವುದನ್ನೂ ಒಪ್ಪಬೇಕು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ಸುತ್ತಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ಮ್ಯೂಸಿಯಂಗೆ ವಸ್ತುಗಳನ್ನು ಕೂಡಿಸಿದರು. ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದರು. ಅವರು ತರದಿದ್ದರೆ ಆ ಬೀಸುವ ಕಲ್ಲು, ಬೊಂಬೆ, ತೊಟ್ಟಿಲುಗಳಲ್ಲಿ ಎಷ್ಟೋ ಗುಜರಿಗೆ ಹೋಗುತ್ತಿದ್ದವು. ಈ ನೆಲದಲ್ಲೇ ಹುಟ್ಟಿದವರು, ಕೇಳಿ ತಂದವರು. ಹಾಗಾಗಿ ‘ಮ್ಯೂಸಿಯಂ ಅಂದರೇ ವಸಾಹತುಶಾಹಿ’ ಅನ್ನುವ ಒಂದೇ ಏಟಿನ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಆದರೆ ‘ಜಗತ್ತಿಗೆಲ್ಲ ತೆರೆದಿದೆ’ ಅನ್ನುವ ವಾದದಲ್ಲಿ ಒಂದು ತೂತಿದೆ. ಲಂಡನ್ನಿನ ಹುಡುಗನಿಗೆ ಬೆನಿನ್ ಕಂಚು ಬಸ್ಸಿನ ದೂರ. ಬೆನಿನ್ನಿನ ಹುಡುಗನಿಗೆ ವೀಸಾ ಬೇಕು, ಬ್ಯಾಂಕ್ ಖಾತೆಯಲ್ಲಿ ದುಡ್ಡು ತೋರಿಸಬೇಕು. ಟಿಪ್ಪುವಿನ ಮರದ ಹುಲಿ 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋಗಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನೋಡಲು ಟಿಕೆಟ್ ಇಲ್ಲ, ಪುಕ್ಕಟೆ. ಅಲ್ಲಿಗೆ ಹೋಗುವುದೇ ದುಬಾರಿ.

ಬೆನಿನ್ನಿನಲ್ಲಿ ಜಗಳ ಯಾರ ನಡುವೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ವಾಪಸ್ ಕೊಡುವುದು ಅಂತ ಆದ ಮೇಲೂ ‘ಯಾರ ಕೈಗೆ’ ಅನ್ನುವುದು ಉಳಿಯುತ್ತದೆ.

2022ರಲ್ಲಿ ಜರ್ಮನಿ ತನ್ನಲ್ಲಿದ್ದ ಸಾವಿರಕ್ಕೂ ಹೆಚ್ಚು ಬೆನಿನ್ ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. 2025ರಲ್ಲಿ ನೆದರ್ಲೆಂಡ್ಸ್ 119 ವಸ್ತುಗಳನ್ನು ಮರಳಿಸಿತು. ಆದರೆ 2023ರಲ್ಲೇ ನೈಜೀರಿಯಾದ ಅಂದಿನ ಅಧ್ಯಕ್ಷರು ಒಂದು ಆದೇಶ ಹೊರಡಿಸಿದ್ದರು. ಮರಳಿ ಬರುವ ವಸ್ತುಗಳು ಒಬಾಗೆ, ಅಂದರೆ ಬೆನಿನ್ನಿನ ಪಾರಂಪರಿಕ ರಾಜನಿಗೆ ಸೇರಿದವು ಅಂತ. ಲೂಟಿಯಾದದ್ದು ಅರಮನೆ, ಆದ್ದರಿಂದ ಅರಮನೆಗೇ ಬರಬೇಕು ಅನ್ನುವುದು ಒಬಾ ಕಡೆಯವರ ವಾದ. ಹೊಸ ಮ್ಯೂಸಿಯಂ ಕಟ್ಟಿದ್ದು ಸ್ವತಂತ್ರ ಸಂಸ್ಥೆ, ಹಣದ ಒಂದು ಭಾಗ ಯುರೋಪಿನದು. ತಮ್ಮ ಹೆಸರಿನಲ್ಲಿ ಶುರುವಾದ ಯೋಜನೆ ಇನ್ನೊಬ್ಬರ ಕೈಗೆ ಹೋಯಿತು ಅನ್ನುವ ಸಿಟ್ಟು ನವೆಂಬರ್‌ನಲ್ಲಿ ಸ್ಫೋಟವಾಯಿತು. ಅದಕ್ಕೆ ‘ಬೆನಿನ್ ರಾಯಲ್ ಮ್ಯೂಸಿಯಂ’ ಅಂತ ಹೆಸರಿಡಿ ಅಂತ ಪ್ರತಿಭಟನಾಕಾರರು ಪಟ್ಟು ಹಿಡಿದರು. ಗಲಾಟೆ ಆದ ಮೇಲೆ ಈಗಿನ ಅಧ್ಯಕ್ಷರು ವಿವಾದ ಬಗೆಹರಿಸಲು ಸಮಿತಿ ರಚಿಸಿದರು.

ಮೂರನೇ ಕಡೆಯವರೂ ಇದ್ದಾರೆ. ಹಳೆಯ ಬೆನಿನ್ ರಾಜ್ಯ ಗುಲಾಮರನ್ನು ಮಾರಿ ಅದಕ್ಕೆ ಬದಲಾಗಿ ಹಿತ್ತಾಳೆಯ ಕಡಗಗಳನ್ನು ಪಡೆಯುತ್ತಿತ್ತು. ಆ ಕಡಗ ಕರಗಿಸಿಯೇ ಈ ಕಲಾಕೃತಿಗಳಾದವು. ಹಾಗಾಗಿ ಮಾರಿಹೋದವರ ವಂಶಸ್ಥರಾದ ನಮಗೂ ಹಕ್ಕಿದೆ ಅಂತ ಅಮೆರಿಕದ ಒಂದು ಸಂಘಟನೆ ತಕರಾರು ತೆಗೆದಿದೆ. ಅದರ ವಾದವನ್ನು ಮ್ಯೂಸಿಯಂಗಳು ಒಪ್ಪಿಲ್ಲ. ಆದರೂ ತಳ್ಳಿಹಾಕುವಷ್ಟು ಹಗುರವಾದ ಮಾತಲ್ಲ ಅದು.

‘ಸಮುದಾಯವನ್ನು ಕೇಳಿ’ ಅನ್ನುವುದು ಸುಲಭ. ಸಮುದಾಯಕ್ಕೆ ಒಂದೇ ಬಾಯಿ ಇರುವುದಿಲ್ಲ. ನಮ್ಮ ಗೊಲ್ಲರಹಟ್ಟಿಗಳನ್ನೇ ತಗೊಳ್ಳಿ. ನಾಳೆ ಕಾಡುಗೊಲ್ಲರ ಬಗ್ಗೆ ಒಂದು ಗ್ಯಾಲರಿ ಮಾಡಬೇಕು ಅಂತಾದರೆ ಅಧಿಕಾರಿಗಳು ಹೋಗಿ ಕೇಳುವುದು ಯಾರನ್ನು? ಕುಲದ ನ್ಯಾಯ ತೀರ್ಮಾನ ನಡೆಯುವ ಕಟ್ಟೆಮನೆಯ ಯಜಮಾನರನ್ನು, ಪೂಜಾರಿಗಳನ್ನು. ಅವರು ತಮ್ಮ ದೈವಗಳಾದ ಜುಂಜಪ್ಪ, ಎತ್ತಪ್ಪನ ಕಥೆ ಹೇಳುತ್ತಾರೆ. ಅದು ಬರಲೇಬೇಕು. ಆದರೆ ಮುಟ್ಟಾದಾಗ, ಹೆರಿಗೆಯಾದಾಗ ಹೆಂಗಸರು ಹಟ್ಟಿಯ ಹೊರಗೆ ಗುಡಿಸಿಲಿನಲ್ಲಿ ಇರಬೇಕಾದ ಪದ್ಧತಿಯ ಬಗ್ಗೆ ಯಾರನ್ನು ಕೇಳುವುದು? ಅದಕ್ಕಾಗಿ ಸರ್ಕಾರ ಕೃಷ್ಣ ಕುಟೀರ ಅನ್ನುವ ಕಟ್ಟಡಗಳನ್ನೂ ಕಟ್ಟಿಸಿದೆ. ಅದನ್ನು ಹೇಳಿದರೆ ಹೊರಗಿನವರು ಹಟ್ಟಿಯನ್ನು ಹೀಯಾಳಿಸಲು ದಾರಿಯಾಗುತ್ತದೆ ಅನ್ನುವ ಅಂಜಿಕೆ ಗಂಡಸರಿಗಷ್ಟೇ ಅಲ್ಲ, ಹೆಂಗಸರಿಗೂ ಇರಬಹುದು. ಹೇಳದೆ ಬಿಟ್ಟರೆ ಹಟ್ಟಿಯ ಅರ್ಧ ಜನರ ಬದುಕೇ ಬಿಟ್ಟುಹೋಗುತ್ತದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು. ಹಟ್ಟಿಯ ನೆನಪನ್ನು ಹೊತ್ತವರಲ್ಲಿ ಹೆಂಗಸರ ಪಾಲು ಎಷ್ಟು ಅನ್ನುವುದಕ್ಕೆ ಅವರೊಬ್ಬರು ಸಾಕು. ಗ್ಯಾಲರಿಯ ಸಮಿತಿಯಲ್ಲಿ ಕುರ್ಚಿ ಹಾಕುವಾಗ ಆ ಹೆಂಗಸರಿಗೆ ಕುರ್ಚಿ ಇರುತ್ತದೆಯೇ ಅನ್ನುವುದು ಮೊದಲ ಪರೀಕ್ಷೆ.

ಮುಂದೆ ಏನಾಗಬಹುದು

ಬ್ರಿಟನ್ನಿನಿಂದ ಪೂರ್ತಿ ವಾಪಸಾತಿಯನ್ನು ಸದ್ಯಕ್ಕೆ ನಿರೀಕ್ಷಿಸುವುದು ಕಷ್ಟ. 1963ರ ಕಾನೂನು ಬ್ರಿಟಿಷ್ ಮ್ಯೂಸಿಯಂಗೆ ವಸ್ತುಗಳನ್ನು ಬಿಟ್ಟುಕೊಡದಂತೆ ಕಟ್ಟಿಹಾಕಿದೆ. ಹಾಗಾಗಿ ‘ಸಾಲ’ದ ದಾರಿ ಹುಡುಕಿದ್ದಾರೆ. 2024ರಲ್ಲಿ ಘಾನಾದ ಅಸಾಂಟೆ ಅರಮನೆಯ 32 ವಸ್ತುಗಳು ಲಂಡನ್ನಿನಿಂದ ಅಲ್ಲಿಗೆ ಹೋದದ್ದು ಸಾಲವಾಗಿಯೇ. ನಮ್ಮಿಂದ ಕಿತ್ತುಕೊಂಡದ್ದನ್ನು ನಮಗೇ ಸಾಲ ಕೊಡುವುದೇ ಅಂತ ಅಲ್ಲಿನವರು ಸಿಡಿಮಿಡಿಗೊಂಡರು. ಆದರೂ ತಗೊಂಡರು. ಇಂಥ ಒಪ್ಪಂದಗಳು ಇನ್ನೂ ಬರುತ್ತವೆ.

ಮೂಳೆಗಳ ವಿಷಯ ಬೇರೆ ಜಾಡಿನಲ್ಲಿ ಸಾಗುತ್ತಿದೆ. ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ನಾಗಾ ಸಂಗ್ರಹ ಇದೆ, ಸುಮಾರು 6,500 ವಸ್ತುಗಳು. ಅದರಲ್ಲಿ 200ಕ್ಕೂ ಹೆಚ್ಚು ಮನುಷ್ಯರ ಅವಶೇಷಗಳು. 2020ರಲ್ಲಿ ಮ್ಯೂಸಿಯಂ ಮನುಷ್ಯರ ಅವಶೇಷಗಳನ್ನು ಪ್ರದರ್ಶನದಿಂದ ತೆಗೆಯಿತು. 2025ರ ಜೂನ್‌ನಲ್ಲಿ ನಾಗಾ ಹಿರಿಯರ ತಂಡ ಆಕ್ಸ್‌ಫರ್ಡಿಗೆ ಹೋಗಿ ವಾಪಸಾತಿಯ ಘೋಷಣೆ ಹೊರಡಿಸಿತು. ಮ್ಯೂಸಿಯಂ ಮಾತುಕತೆಗೆ ಸಿದ್ಧ ಇದೆ. ತಡ ಆಗುತ್ತಿರುವುದಕ್ಕೆ ಒಂದು ಕಾರಣ ನಾಗಾಗಳ ಒಳಗಿನ ಚರ್ಚೆ. ಅವರಲ್ಲಿ ಬಹುಪಾಲು ಜನ ಈಗ ಕ್ರೈಸ್ತರು. ಕ್ರೈಸ್ತರಾಗುವ ಮೊದಲಿನ ಹಿರಿಯರ ಮೂಳೆಗಳು ಬಂದರೆ ಯಾವ ವಿಧಿಯಲ್ಲಿ ಮಣ್ಣು ಮಾಡುವುದು, ಯಾವ ಹಳ್ಳಿಯಲ್ಲಿ? ಕೆಲವು ತಲೆಬುರುಡೆಗಳು ಶತ್ರುಗಳದ್ದೂ ಇರಬಹುದಲ್ಲ? ಹಳ್ಳಿ ಹಳ್ಳಿಗಳಲ್ಲಿ ಈ ಬಗ್ಗೆ ಸಭೆಗಳು ನಡೆಯುತ್ತಿವೆ. ಹೊರಗಿನಿಂದ ನೋಡಿದರೆ ವಿಳಂಬ ಅನ್ನಿಸುವುದು ಅಲ್ಲಿ ಕೆಲಸವೇ.

ಭಾರತದ ನಿಲುವಿನಲ್ಲಿ ಒಂದು ಇಕ್ಕಟ್ಟಿದೆ. ಹೊರದೇಶದ ಮುಂದೆ ನಾವು ಕೇಳುವವರು. 1898ರಲ್ಲಿ ಪಿಪ್ರಹ್ವಾದಲ್ಲಿ ಸಿಕ್ಕ ಬುದ್ಧನ ಅವಶೇಷದ ಜೊತೆಗಿನ ಮಣಿಗಳು 2025ರಲ್ಲಿ ಹಾಂಗ್‌ಕಾಂಗ್ ಹರಾಜಿಗೆ ಬಂದಾಗ ಸರ್ಕಾರ ನೋಟಿಸ್ ಕೊಟ್ಟು ತಡೆಯಿತು, ಜುಲೈನಲ್ಲಿ ಅವು ವಾಪಸ್ ಬಂದವು. ಆದರೆ ಮನೆಯೊಳಗೆ ನಾವು ಕೊಡಬೇಕಾದವರು. 2007ರ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಗೆ ಭಾರತ ಮತ ಹಾಕಿತು. ಜೊತೆಗೆ ನಮ್ಮ ದೇಶದ ಎಲ್ಲರೂ ಮೂಲನಿವಾಸಿಗಳೇ ಅನ್ನುವ ನಿಲುವನ್ನೂ ಇಟ್ಟುಕೊಂಡಿತು. ಎಲ್ಲರೂ ಮೂಲನಿವಾಸಿಗಳಾದರೆ ಯಾರ ಒಪ್ಪಿಗೆಯನ್ನೂ ಬೇರೆಯಾಗಿ ಕೇಳಬೇಕಾಗಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಕಳ್ಳಸಾಗಣೆ ತಡೆಯುವುದಕ್ಕಾಗಿ ಮಾಡಿದ್ದು; ಪ್ರದರ್ಶನಕ್ಕೆ ಸಮುದಾಯದ ಒಪ್ಪಿಗೆ ಬೇಕು ಅನ್ನುವ ಮಾತು ಅದರಲ್ಲಿಲ್ಲ.

ಕಾನೂನಿಲ್ಲದೆಯೂ ಒಳ್ಳೆಯ ಕೆಲಸ ನಡೆದಿದೆ. ಭೋಪಾಲಿನ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದಲ್ಲಿ ಬುಡಕಟ್ಟಿನವರೇ ಬಂದು ತಮ್ಮ ಮನೆಗಳನ್ನು ಬಯಲಿನಲ್ಲಿ ಕಟ್ಟಿದ್ದಾರೆ. ಗುಜರಾತಿನ ತೇಜಗಢದ ಆದಿವಾಸಿ ಅಕಾಡೆಮಿಯಲ್ಲಿ ಆದಿವಾಸಿಗಳೇ ಮ್ಯೂಸಿಯಂ ರೂಪಿಸುವುದರಲ್ಲಿ ಕೈಜೋಡಿಸಿದ್ದಾರೆ. ಇತ್ತೀಚೆಗೆ ಕೇಂದ್ರ ಸರ್ಕಾರ ಬುಡಕಟ್ಟು ಸ್ವಾತಂತ್ರ್ಯ ಹೋರಾಟಗಾರರ ಮ್ಯೂಸಿಯಂಗಳನ್ನು ಕಟ್ಟಿಸುತ್ತಿದೆ. ರಾಂಚಿಯದು 2021ರಲ್ಲಿ, ನವ ರಾಯಪುರದ್ದು 2025ರಲ್ಲಿ ಉದ್ಘಾಟನೆಯಾಯಿತು. ಇದೂ ಬೇಕಾದದ್ದೇ. ಬ್ರಿಟಿಷರ ವಿರುದ್ಧ ಕಾದಿದವರು ಒಳಗೆ ಬಂದರು. ಆಮೇಲೆ ಅಣೆಕಟ್ಟು, ಅರಣ್ಯ, ಕಾವಲಿಗಾಗಿ ಕಾದಿದವರಿಗೆ ಅಂಥ ಗೋಡೆ ಸಿಗುವುದು ಇನ್ನೂ ದೂರ.

ಚಿತ್ರದುರ್ಗದ ರಂಗಯ್ಯನಬಾಗಿಲಿನ ಸರ್ಕಾರಿ ಮ್ಯೂಸಿಯಂ ಆಗಲಿ, ಮುಂದೆ ದಾವಣಗೆರೆಯಲ್ಲಿ ಬರಬಹುದಾದ ಯಾವುದೇ ಗ್ಯಾಲರಿ ಆಗಲಿ, ಒಂದು ಪೆಟ್ಟಿಗೆ ದೇವರನ್ನೋ ಒಂದು ತಾಂಡಾದ ಉಡುಪನ್ನೋ ತರುವ ಮೊದಲು ಹಟ್ಟಿಗೆ, ತಾಂಡಾಕ್ಕೆ ಹೋಗಿ ಕೇಳಬಹುದು. ಫಲಕದ ಬರಹವನ್ನು ಅವರಿಗೆ ಓದಿ ಹೇಳಬಹುದು, ಬೇಡ ಅಂದರೆ ಬಿಡಬಹುದು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಸದ್ಯಕ್ಕೆ ಇದೆಲ್ಲ ನಿಂತಿರುವುದು ಆ ಕುರ್ಚಿಯಲ್ಲಿ ಕೂತ ಅಧಿಕಾರಿಯ ಮನಸ್ಸಿನ ಮೇಲೆ. ಕೇಳುವವರು ಇದ್ದರೆ ಕೇಳುತ್ತಾರೆ. ಅವರಿಗೆ ವರ್ಗಾವಣೆ ಆದ ಮೇಲೆ ಬಂದವರು ಕೇಳಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.